ಮೃಗಾಲಯದ ಪ್ರಾಣಿಗಳಲ್ಲಿ ಕೊರೊನಾ ಸೋಂಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋವಿಡ್ ಹಾವಳಿಯ ದಿನಗಳಲ್ಲಿ ಹುಲಿ, ಸಿಂಹ, ಗೊರಿಲ್ಲಾಗಳಿಗೂ ಸೋಂಕು ತಗುಲಿದ ಸುದ್ದಿ ಒಂದರ ಹಿಂದೊಂದು ಬಂದಿತು. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು, ಮೃಗಾಲಯದ ಪ್ರಾಣಿಗಳನ್ನು ದತ್ತು ಪಡೆದವರು, ಮನೆಯಲ್ಲಿ ಬೆಕ್ಕು ಸಾಕಿದವರು ಆಗಿನಿಂದಲೂ ಕೇಳುತ್ತಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಮೃಗಾಲಯದ ಪ್ರಾಣಿಯೊಂದಕ್ಕೆ ಈ ಸೋಂಕು ಮೊದಲು ಪತ್ತೆಯಾದದ್ದು ಎಲ್ಲಿ?

ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಮೃಗಾಲಯದಲ್ಲಿ. ಅಲ್ಲಿನ ನಾಲ್ಕು ವರ್ಷದ ಮಲಯನ್ ಹುಲಿ ನಾಡಿಯಾ ಒಣಕೆಮ್ಮಿನಿಂದ ಬಳಲುತ್ತಿದ್ದು, ಅದಕ್ಕೆ ಕೊರೊನಾ ಸೋಂಕು ಇರುವುದು 2020ರ ಏಪ್ರಿಲ್ 5ರಂದು ಪ್ರಕಟವಾಯಿತು. ಮುಂದಿನ ಪರೀಕ್ಷೆಗಳಲ್ಲಿ ಅದೇ ಮೃಗಾಲಯದ ಒಟ್ಟು ಐದು ಹುಲಿಗಳು ಮತ್ತು ಮೂರು ಆಫ್ರಿಕನ್ ಸಿಂಹಗಳಲ್ಲಿ ವೈರಸ್ ಕಂಡುಬಂದಿತು. ಆ ಎಂಟರಲ್ಲಿ ಒಂದು ಹುಲಿ ಒಮ್ಮೆಯೂ ಕೆಮ್ಮಿರಲಿಲ್ಲ. ಎಲ್ಲವೂ ಚೇತರಿಸಿಕೊಂಡವು.

ಮೃಗಾಲಯವು ಮಾರ್ಚ್ 16ರಿಂದಲೇ ಸಾರ್ವಜನಿಕರಿಗೆ ಬಾಗಿಲು ಹಾಕಿತ್ತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಪ್ರಾಣಿಗಳಿಂದ ಮತ್ತು ಸಿಬ್ಬಂದಿಯಿಂದ ಪಡೆದ ವೈರಸ್‌ಗಳ ವಂಶವಾಹಿ ರಚನೆಯನ್ನು ವಿಜ್ಞಾನಿಗಳು ಹೋಲಿಸಿ ನೋಡಿದಾಗ, ಹುಲಿಗಳಲ್ಲಿದ್ದ ವೈರಸ್ ಅವುಗಳನ್ನು ನೋಡಿಕೊಳ್ಳುತ್ತಿದ್ದವರಲ್ಲಿದ್ದ ವೈರಸ್‌ಗೆ ಹೊಂದಿಕೆಯಾಯಿತು. ಸಿಂಹಗಳಲ್ಲಿದ್ದದ್ದು ಬೇರೆಯೇ ಬಗೆಯದಾಗಿತ್ತು. ಎಂದರೆ ಹುಲಿಯಿಂದ ಸಿಂಹಕ್ಕೆ ರೋಗ ದಾಟಿರಲಿಲ್ಲ. ಒಂದೇ ಮೃಗಾಲಯದೊಳಗೆ ಅದು ಎರಡು ಪ್ರತ್ಯೇಕ ದಾರಿಗಳಲ್ಲಿ ಬಂದಿತ್ತು.

ಭಾರತದಲ್ಲಿ ಏನಾಯಿತು?

ಎರಡನೇ ಅಲೆ ಉತ್ತುಂಗದಲ್ಲಿದ್ದ 2021ರ ಏಪ್ರಿಲ್‌ನಲ್ಲಿ ಹೈದರಾಬಾದಿನ ನೆಹರೂ ಮೃಗಾಲಯದ ಕೆಲವು ಏಷ್ಯಾ ಸಿಂಹಗಳಿಗೆ ಕೆಮ್ಮು, ಮೂಗು ಸೋರುವಿಕೆ ಕಾಣಿಸಿಕೊಂಡಿತು. ಮೇವಿನ ಮೇಲಿನ ಆಸೆಯೂ ಕಡಿಮೆಯಾಯಿತು. ಅವುಗಳ ಮಾದರಿಗಳನ್ನು ಅದೇ ನಗರದ ಸಿಸಿಎಂಬಿ (ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ) ಸಂಸ್ಥೆ ಪರೀಕ್ಷಿಸಿ, ಎಂಟು ಸಿಂಹಗಳಿಗೆ ಸೋಂಕು ತಗುಲಿರುವುದನ್ನು ಮೇ 4ರಂದು ದೃಢಪಡಿಸಿತು. ದೇಶದ ಮೃಗಾಲಯವೊಂದರಲ್ಲಿ ಖಚಿತವಾದ ಮೊದಲ ಪ್ರಕರಣ ಇದು. ಆ ಎಂಟೂ ಗುಣಮುಖವಾದವು. ಅದೇ ತಿಂಗಳು ಉತ್ತರ ಪ್ರದೇಶದ ಇಟಾವಾ ಸಫಾರಿ ಉದ್ಯಾನದ ಎರಡು ಸಿಂಹಿಣಿಗಳಲ್ಲಿಯೂ ಸೋಂಕು ಪತ್ತೆಯಾಯಿತು.

ಚೆನ್ನೈ ಹೊರವಲಯದ ವಂಡಲೂರಿನಲ್ಲಿರುವ ಅರಿಜ್ಞರ್ ಅಣ್ಣಾ ಮೃಗಾಲಯದ ಕಥೆ ಹಾಗೆ ಸುಖವಾಗಿ ಮುಗಿಯಲಿಲ್ಲ. ಮೇ ಕೊನೆಯ ವಾರದಲ್ಲಿ ಅಲ್ಲಿನ ಸಫಾರಿಯ ಐದು ಸಿಂಹಗಳು ಸರಿಯಾಗಿ ಮೇವು ಮುಟ್ಟದೆ, ಆಗೀಗ ಕೆಮ್ಮತೊಡಗಿದವು. ಜೂನ್ 3ರ ಸಂಜೆ ನೀಲಾ ಎಂಬ ಒಂಬತ್ತು ವರ್ಷದ ಸಿಂಹಿಣಿ ಸತ್ತಿತು. ಅದರ ಮೂಗಿನಿಂದ ಸ್ವಲ್ಪ ದ್ರವ ಸೋರಿದ್ದು ಕೇವಲ ಹಿಂದಿನ ದಿನ. ಭೋಪಾಲದ ಉನ್ನತ ಸುರಕ್ಷತಾ ಪ್ರಾಣಿರೋಗ ಸಂಸ್ಥೆಯು ಹನ್ನೊಂದು ಸಿಂಹಗಳ ಮಾದರಿ ಪರೀಕ್ಷಿಸಿ ಒಂಬತ್ತರಲ್ಲಿ ಸೋಂಕನ್ನು ಗುರುತಿಸಿತು. ಜೂನ್ 16ರಂದು ಹನ್ನೆರಡು ವರ್ಷದ ಗಂಡು ಸಿಂಹವೊಂದು ಕೂಡ ಸಾವಿಗೀಡಾಯಿತು. ನಾಲ್ಕು ಮಾದರಿಗಳ ವಂಶವಾಹಿ ವಿಶ್ಲೇಷಣೆಯಲ್ಲಿ ಸಿಕ್ಕಿದ್ದು ಡೆಲ್ಟಾ ತಳಿ. ಅಂದು ನಮ್ಮ ಆಸ್ಪತ್ರೆಗಳನ್ನು ತುಂಬಿಸಿದ್ದ ತಳಿಯೇ ಸಿಂಹಗಳ ಕೋಣೆಗೂ ಹೊಕ್ಕಿತ್ತು.

ಪ್ರವಾಸಿಗರೇ ಇಲ್ಲದಿದ್ದಾಗ ಸೋಂಕು ಒಳಗೆ ಬಂದದ್ದು ಹೇಗೆ?

ಮೃಗಾಲಯದ ಗೇಟು ಮುಚ್ಚಿದರೂ ಪ್ರಾಣಿಗಳ ಹೊಟ್ಟೆಗೆ ರಜೆ ಇರುವುದಿಲ್ಲ. ಲಾಕ್‌ಡೌನ್ ಇದ್ದರೂ ಪ್ರಾಣಿಪಾಲಕರು ದಿನವೂ ಕೆಲಸಕ್ಕೆ ಬರಲೇಬೇಕಿತ್ತು. ಬೆಳಿಗ್ಗೆ ಪ್ರಾಣಿಯನ್ನು ರಾತ್ರಿ ಕೋಣೆಯಿಂದ ಹೊರಗಿನ ಆವರಣಕ್ಕೆ ಬಿಡುವುದು, ಕೋಣೆ ತೊಳೆಯುವುದು, ಲದ್ದಿ ತೆಗೆದು ನೋಡುವುದು, ನೀರಿನ ತೊಟ್ಟಿ ಉಜ್ಜಿ ತುಂಬಿಸುವುದು, ಮಾಂಸ ತೂಗಿ ಕತ್ತರಿಸಿ ಇಡುವುದು, ಸಂಜೆ ಹೆಸರು ಹಿಡಿದು ಕರೆದು ಮತ್ತೆ ಒಳಗೆ ಸೇರಿಸುವುದು, ಇವೆಲ್ಲವೂ ಅವರ ಕೆಲಸ. ದೊಡ್ಡ ಬೆಕ್ಕುಗಳ ರಾತ್ರಿ ಕೋಣೆಗಳು ಸಾಮಾನ್ಯವಾಗಿ ಕಿರಿದಾಗಿದ್ದು, ಗಾಳಿಯಾಡುವುದೂ ಅಷ್ಟಕ್ಕಷ್ಟೆ. ಸರಳುಗಳ ಆಚೆಗೆ ಪ್ರಾಣಿಯ ಮೂಗು, ಈಚೆಗೆ ಪಾಲಕರ ಮುಖ, ನಡುವೆ ಎರಡು ಮೂರು ಅಡಿ ಅಂತರ. ಲಕ್ಷಣವೇ ಇಲ್ಲದ ಸೋಂಕಿತರೊಬ್ಬರು ಅಲ್ಲಿ ಹತ್ತು ನಿಮಿಷ ನಿಂತು ಮಾತನಾಡಿಸಿದರೆ ವೈರಸ್ ದಾಟಲು ಅಷ್ಟು ಸಾಕು.

ಆದರೆ ಇದನ್ನು ಪಾಲಕರ ತಪ್ಪು ಎಂದು ಬರೆಯುವುದು ಅನ್ಯಾಯ. ಅವರಿಗೆ ಸೋಂಕು ಬಂದದ್ದು ಎಲ್ಲರಿಗೂ ಬಂದ ಹಾಗೆ, ಮನೆಯಿಂದ, ಬಸ್ಸಿನಿಂದ, ಸಂತೆಯಿಂದ. ನೌಕರಿ ಕಾಯಂ ಅಲ್ಲದ, ದಿನಗೂಲಿಯ ಮೇಲೆ ದುಡಿಯುವ ವ್ಯಕ್ತಿಗೆ ಜ್ವರ ಬಂದಾಗ ಸಂಬಳ ಕಡಿತವಿಲ್ಲದೆ ರಜೆ ಸಿಗುವಂತಿದ್ದರೆ ಆತ ಜ್ವರವನ್ನು ಮುಚ್ಚಿಡುವುದಿಲ್ಲ. ಸಿಗದಿದ್ದರೆ ಮಾತ್ರೆ ನುಂಗಿ ಕೆಲಸಕ್ಕೆ ಬರುತ್ತಾನೆ. ಸಿಂಹದ ಶ್ವಾಸಕೋಶವನ್ನು ಕಾಯುವ ಮೊದಲ ವ್ಯವಸ್ಥೆ ಪಾಲಕರ ರಜೆಯ ನಿಯಮ ಎಂಬುದು ಈ ಬರಹಗಾರನ ದೃಢವಾದ ಅಭಿಪ್ರಾಯ. ಮಾಸ್ಕ್, ಕೈಗವಸು, ಬಾಗಿಲ ಬಳಿ ಪಾದ ಅದ್ದುವ ಸೋಂಕುನಾಶಕ ನೀರು, ಇವೆಲ್ಲ ಬೇಕೇ ಬೇಕು, ಆದರೆ ಅವು ಎರಡನೆಯ ಸಾಲಿನ ರಕ್ಷಣೆಗಳು. ಅಮೆರಿಕದ ಸ್ಯಾನ್ ಡಿಯಾಗೋ ಸಫಾರಿ ಉದ್ಯಾನದಲ್ಲಿ ಸಿಬ್ಬಂದಿ ರಕ್ಷಣಾ ಸಾಧನಗಳನ್ನು ಧರಿಸಿಯೇ ಕೆಲಸ ಮಾಡುತ್ತಿದ್ದರೂ, ಲಕ್ಷಣವಿಲ್ಲದ ಸಿಬ್ಬಂದಿಯಿಂದಲೇ ಗೊರಿಲ್ಲಾಗಳಿಗೆ ಸೋಂಕು ತಗುಲಿರಬೇಕೆಂದು ಆ ಸಂಸ್ಥೆ ಶಂಕಿಸಿತು.

ಹುಲಿ, ಸಿಂಹಗಳಿಗೇ ಹೆಚ್ಚಾಗಿ ಬಂದದ್ದು ಏಕೆ?

ಕೊರೊನಾ ವೈರಸ್ ತನ್ನ ಮೇಲ್ಮೈಯ ಮುಳ್ಳಿನಂಥ ಪ್ರೋಟೀನಿನ ಮೂಲಕ ಜೀವಕೋಶದ ಮೇಲಿರುವ ಎಸಿಇ2 ಎಂಬ ಗ್ರಾಹಕಕ್ಕೆ ಅಂಟಿಕೊಂಡು ಒಳಗೆ ನುಗ್ಗುತ್ತದೆ. ಈ ಗ್ರಾಹಕ ಎಲ್ಲ ಸಸ್ತನಿಗಳಲ್ಲಿಯೂ ಇದೆ, ಆದರೆ ವೈರಸ್ ಅಂಟುವ ಜಾಗದ ರಚನೆ ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ. ಗೊರಿಲ್ಲಾ, ಚಿಂಪಾಂಜಿ, ಒರಾಂಗುಟಾನ್‌ಗಳಲ್ಲಿ ಆ ಜಾಗವು ಮನುಷ್ಯನಲ್ಲಿರುವಂತೆಯೇ ಇದೆ. ಬೆಕ್ಕಿನ ಕುಟುಂಬದಲ್ಲಿ ಬಹಳ ಮಟ್ಟಿಗೆ ಹೋಲುತ್ತದೆ. ಹಕ್ಕಿಗಳಲ್ಲಿ ಮತ್ತು ಸರೀಸೃಪಗಳಲ್ಲಿ ಹೋಲಿಕೆ ತೀರ ಕಡಿಮೆ. ಗಿಳಿಗೋ ಹೆಬ್ಬಾವಿಗೋ ಈ ಸೋಂಕು ಬಂದೀತೆಂದು ಹೆದರಬೇಕಾಗಿಲ್ಲ.

ಬೇರೆ ಯಾವ ಪ್ರಾಣಿಗಳಲ್ಲಿ ಕಂಡುಬಂದಿದೆ?

ಹಿಮ ಚಿರತೆ, ಪೂಮಾ, ಗೊರಿಲ್ಲಾ, ನೀರುನಾಯಿ, ಬಿಂಟುರಾಂಗ್ (ಪುನುಗು ಬೆಕ್ಕಿನ ಕುಟುಂಬದ ಪ್ರಾಣಿ), ಮೀನುಬೆಕ್ಕು ಮುಂತಾದವುಗಳಲ್ಲಿ ಪತ್ತೆಯಾಗಿದೆ. ಅಮೆರಿಕದ ಡೆನ್ವರ್ ಮೃಗಾಲಯದಲ್ಲಿ 2021ರ ನವೆಂಬರ್‌ನಲ್ಲಿ ಎರಡು ಚುಕ್ಕೆ ಕತ್ತೆಕಿರುಬಗಳಿಗೆ ಸೋಂಕು ಖಚಿತವಾಯಿತು. ಮರುತಿಂಗಳು ಬೆಲ್ಜಿಯಂನ ಆಂಟ್‌ವರ್ಪ್ ಮೃಗಾಲಯದ ಎರಡು ನೀರಾನೆಗಳ ಮೂಗು ಎಂದಿಗಿಂತ ಹೆಚ್ಚು ಸೋರುತ್ತಿರುವುದನ್ನು ಗಮನಿಸಿದ ವೈದ್ಯರು ಮುನ್ನೆಚ್ಚರಿಕೆಗೆಂದು ಪರೀಕ್ಷಿಸಿದಾಗ ಅವುಗಳಲ್ಲಿಯೂ ವೈರಸ್ ಸಿಕ್ಕಿತು. ನೀರಾನೆಯ ಮೂಗು ಯಾವಾಗಲೂ ಒದ್ದೆಯಾಗಿಯೇ ಇರುತ್ತದೆ. ಅದರಲ್ಲಿನ ಚಿಕ್ಕ ವ್ಯತ್ಯಾಸವನ್ನು ಗುರುತಿಸಿದವರ ಕಣ್ಣು ಮೆಚ್ಚತಕ್ಕದ್ದು.

ಈ ಸೋಂಕಿನಿಂದ ಪ್ರಾಣಿಗಳು ಸಾಯುತ್ತವೆಯೇ?

ಹೆಚ್ಚಿನವು ಒಂದೆರಡು ವಾರಗಳಲ್ಲಿ ಚೇತರಿಸಿಕೊಂಡಿವೆ. ಒಣಕೆಮ್ಮು, ಸೀನು, ಮೂಗು ಸೋರುವುದು, ಮೇವು ಬಿಡುವುದು, ಮಂಕಾಗಿ ಮಲಗಿರುವುದು, ಉಸಿರಾಡುವಾಗ ಗೊರಗೊರ ಸದ್ದು, ಇವು ಸಾಮಾನ್ಯ ಲಕ್ಷಣಗಳು. ಮುದಿ ಪ್ರಾಣಿಗಳಿಗೂ ಮೊದಲೇ ಬೇರೆ ಕಾಯಿಲೆಯಿರುವ ಪ್ರಾಣಿಗಳಿಗೂ ಅಪಾಯ ಹೆಚ್ಚು.

ಹಿಮ ಚಿರತೆಗಳ ಬಗ್ಗೆ ಮಾತ್ರ ವಿಶೇಷ ಕಾಳಜಿ ಬೇಕು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ನಗರದ ಮಕ್ಕಳ ಮೃಗಾಲಯದಲ್ಲಿ 2021ರಲ್ಲಿ ಮೂರು ಹಿಮ ಚಿರತೆಗಳಿಗೂ ಎರಡು ಸುಮಾತ್ರಾ ಹುಲಿಗಳಿಗೂ ಸೋಂಕು ಬಂದಿತು. ಹುಲಿಗಳು ಬದುಕಿದವು, ಮೂರು ಹಿಮ ಚಿರತೆಗಳೂ ನವೆಂಬರ್‌ನಲ್ಲಿ ಸತ್ತವು. ಒಂದೇ ಕಡೆ, ಒಂದೇ ಆರೈಕೆಯಲ್ಲಿ ಇಷ್ಟು ವ್ಯತ್ಯಾಸ ಕಂಡುಬಂದಿರುವಾಗ, ಒಂದು ಜಾತಿಯ ಅನುಭವವನ್ನು ಇನ್ನೊಂದರ ಮೇಲೆ ಹೇರಿ ನಿಶ್ಚಿಂತರಾಗುವುದು ಸರಿಯಲ್ಲ.

ಹುಲಿಯ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡುವುದು ಹೇಗೆ?

ಎರಡು ಮೂರು ದಾರಿಗಳಿವೆ. ಬ್ರಾಂಕ್ಸ್‌ನಲ್ಲಿ ನಾಡಿಯಾಳನ್ನು ಅರಿವಳಿಕೆಯಿಂದ ಮಲಗಿಸಿ ಮೂಗು, ಗಂಟಲುಗಳ ದ್ರವ ತೆಗೆದು, ಎಕ್ಸ್‌ರೇ, ರಕ್ತಪರೀಕ್ಷೆಗಳನ್ನೂ ಮಾಡಲಾಯಿತು. ಉಸಿರಾಟದ ತೊಂದರೆಯಿರುವ ಪ್ರಾಣಿಗೆ ಅರಿವಳಿಕೆ ಕೊಡುವುದು ಅಪಾಯದ ಕೆಲಸವಾದ್ದರಿಂದ ಉಳಿದವುಗಳ ಲದ್ದಿಯನ್ನು ಮಾತ್ರ ಪರೀಕ್ಷೆಗೆ ಕಳುಹಿಸಿದರು. ನಮ್ಮ ಮೃಗಾಲಯಗಳಲ್ಲಿ ಸ್ಕ್ವೀಜ್ ಕೇಜ್ ಎಂಬ ಬೋನು ಇರುತ್ತದೆ. ಅದರ ಒಂದು ಪಕ್ಕವನ್ನು ನಿಧಾನವಾಗಿ ಸರಿಸುತ್ತ ಬಂದರೆ ಪ್ರಾಣಿ ತಿರುಗಲಾರದಂತೆ ಒಂದು ಕಡೆ ನಿಲ್ಲುತ್ತದೆ. ಆಗ ಅರಿವಳಿಕೆಯಿಲ್ಲದೆಯೇ ಮಾದರಿ ತೆಗೆಯಬಹುದು, ಚುಚ್ಚುಮದ್ದನ್ನೂ ಕೊಡಬಹುದು.

ಎಲ್ಲಕ್ಕಿಂತ ಒಳ್ಳೆಯದು ತರಬೇತಿ. ಮಾಂಸದ ತುಣುಕಿನ ಆಸೆ ತೋರಿಸಿ, ತಿಂಗಳುಗಟ್ಟಲೆ ತಾಳ್ಮೆಯಿಂದ ಕಲಿಸಿದರೆ ಹುಲಿಯು ತಾನಾಗಿ ಬಂದು ಸರಳಿಗೆ ಒರಗಿ ನಿಲ್ಲುತ್ತದೆ, ಬಾಲವನ್ನು ಹೊರಕ್ಕೆ ಬಿಟ್ಟು ರಕ್ತ ತೆಗೆಯಲು ಬಿಡುತ್ತದೆ. ಇಂಥ ತರಬೇತಿಯನ್ನು ಪ್ರದರ್ಶನವೆಂದು ತಿಳಿಯುವವರಿದ್ದಾರೆ. ಅದು ವೈದ್ಯಕೀಯದ ಭಾಗ, ಪ್ರಾಣಿಯ ಭಯವನ್ನೂ ಅರಿವಳಿಕೆಯ ಅಪಾಯವನ್ನೂ ತಪ್ಪಿಸುವ ಉಪಾಯ.

ಜನರ ಪರೀಕ್ಷೆಗೆ ಬೇಕಾದ ಕಿಟ್‌ಗಳನ್ನು ಹುಲಿಗಳಿಗೆ ಬಳಸಿಬಿಟ್ಟರು ಎಂಬ ಅಸಮಾಧಾನ ಆಗ ಕೇಳಿಬಂದಿತ್ತು. ನಾಡಿಯಾಳ ಪರೀಕ್ಷೆ ನಡೆದದ್ದು ಪಶುವೈದ್ಯಕೀಯ ಪ್ರಯೋಗಾಲಯಗಳಲ್ಲಿ. ಮನುಷ್ಯರ ಪರೀಕ್ಷೆಗೆ ಅದರಿಂದ ಕೊರತೆಯಾಗಿಲ್ಲ.

ಚಿಕಿತ್ಸೆ ಏನು?

ಬಹುಪಾಲು ಆರೈಕೆಯೇ ಚಿಕಿತ್ಸೆ. ಪ್ರಾಣಿಯನ್ನು ಬೇರೆಯಿಡುವುದು, ನೀರು ಮತ್ತು ಆಹಾರ ಹೊಟ್ಟೆಗೆ ಹೋಗುವಂತೆ ನೋಡಿಕೊಳ್ಳುವುದು, ಬ್ಯಾಕ್ಟೀರಿಯಾದ ಸೋಂಕು ಮೇಲೇರದಂತೆ ಪ್ರತಿಜೀವಕ ಕೊಡುವುದು, ಉರಿಯೂತ ತಗ್ಗಿಸುವ ಔಷಧ ನೀಡುವುದು ಇದರಲ್ಲಿ ಸೇರಿವೆ. ಮಾತ್ರೆಯನ್ನು ಮಾಂಸದೊಳಗೆ ಅಡಗಿಸಿ ಕೊಡುತ್ತಾರೆ, ಆದರೆ ಕಾಯಿಲೆಬಿದ್ದ ಸಿಂಹ ಮಾಂಸವನ್ನೇ ಮುಟ್ಟದಿದ್ದಾಗ ವೈದ್ಯರಿಗೆ ನಿಜವಾದ ಕಷ್ಟ ಶುರುವಾಗುತ್ತದೆ.

ಅಪರೂಪದ ಚಿಕಿತ್ಸೆಗೆ ಒಳ್ಳೆಯ ಉದಾಹರಣೆ ಸ್ಯಾನ್ ಡಿಯಾಗೋ ಸಫಾರಿ ಉದ್ಯಾನದ ಗೊರಿಲ್ಲಾ ವಿನ್‌ಸ್ಟನ್. 2021ರ ಜನವರಿಯಲ್ಲಿ ಅಲ್ಲಿನ ಎಂಟು ಗೊರಿಲ್ಲಾಗಳ ಗುಂಪಿಗೆ ಸೋಂಕು ತಗುಲಿತು. ಗೊರಿಲ್ಲಾ, ಚಿಂಪಾಂಜಿಗಳಂಥ ಬಾಲವಿಲ್ಲದ ದೊಡ್ಡ ವಾನರರಲ್ಲಿ ಇದು ಜಗತ್ತಿನ ಮೊದಲ ಖಚಿತ ಪ್ರಕರಣ. ಗುಂಪಿನ ಯಜಮಾನನಾದ 48 ವರ್ಷದ ವಿನ್‌ಸ್ಟನ್‌ಗೆ ನ್ಯುಮೋನಿಯಾ ಮತ್ತು ಹೃದಯದ ತೊಂದರೆ ಇರುವುದು ತಪಾಸಣೆಯಲ್ಲಿ ಕಂಡುಬಂದಾಗ, ಮೊನೊಕ್ಲೋನಲ್ ಪ್ರತಿಕಾಯಗಳನ್ನು (ವೈರಸ್ ತಡೆಯಲು ಪ್ರಯೋಗಾಲಯದಲ್ಲಿ ತಯಾರಿಸಿದ ರಕ್ಷಕ ಪ್ರೋಟೀನುಗಳನ್ನು) ನೀಡಿ ಉಳಿಸಿಕೊಂಡರು.

ಪ್ರಾಣಿಗಳಿಗೆ ಲಸಿಕೆ ಇದೆಯೇ?

ಇದೆ. ಜೊಯೆಟಿಸ್ ಕಂಪನಿ ಪ್ರಾಣಿಗಳಿಗಾಗಿಯೇ ತಯಾರಿಸಿದ ಪ್ರಾಯೋಗಿಕ ಲಸಿಕೆಯನ್ನು 2021ರ ಆರಂಭದಲ್ಲಿ ಸ್ಯಾನ್ ಡಿಯಾಗೋ ಮೃಗಾಲಯದ ಒರಾಂಗುಟಾನ್ ಮತ್ತು ಚಿಂಪಾಂಜಿಯ ಹತ್ತಿರದ ಬಂಧುವಾದ ಬೊನೊಬೊಗಳಿಗೆ ಮೊದಲು ಹಾಕಲಾಯಿತು. ಅದನ್ನು ಪಡೆದವುಗಳಲ್ಲಿ ಕರೆನ್ ಎಂಬ ಒರಾಂಗುಟಾನ್ ಕೂಡ ಇತ್ತು; 1994ರಲ್ಲಿ ತೆರೆದ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದ ಮೊದಲ ವಾನರ ಅದು. ಬಳಿಕ ಕಂಪನಿಯು 11,000ಕ್ಕೂ ಹೆಚ್ಚು ಡೋಸ್‌ಗಳನ್ನು ಅಮೆರಿಕದ ಸುಮಾರು 70 ಮೃಗಾಲಯಗಳಿಗೆ ಉಚಿತವಾಗಿ ನೀಡಿತು.

ನಮ್ಮ ದೇಶದಲ್ಲಿ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಅಂಕೋವ್ಯಾಕ್ಸ್ ಎಂಬ ಲಸಿಕೆಯನ್ನು ಅಭಿವೃದ್ಧಿಪಡಿಸಿತು. 2022ರ ಜೂನ್ 9ರಂದು ಬಿಡುಗಡೆಯಾದ ಇದು ನಿಷ್ಕ್ರಿಯಗೊಳಿಸಿದ ಡೆಲ್ಟಾ ವೈರಸ್‌ನಿಂದ ಮಾಡಿದ್ದು. ನಾಯಿ, ಸಿಂಹ, ಚಿರತೆ ಮೊದಲಾದವುಗಳಿಗೆ ಸುರಕ್ಷಿತವೆಂದು ಹೇಳಲಾಗಿದೆ. ಕುದುರೆಗಳ ಸಂಸ್ಥೆಯೊಂದು ಸಿಂಹಗಳಿಗೆ ಲಸಿಕೆ ತಯಾರಿಸಿದ್ದು ಹಲವರಿಗೆ ಆಶ್ಚರ್ಯ ತಂದಿತ್ತು. ಆದರೆ ಆ ಕೇಂದ್ರವು ಮೃಗಾಲಯಗಳ ಮಾದರಿಗಳ ಪರೀಕ್ಷೆಗೆ ಮೊದಲ ಹಂತದಲ್ಲಿಯೇ ಗೊತ್ತುಪಡಿಸಿದ್ದ ಪ್ರಯೋಗಾಲಯಗಳಲ್ಲಿ ಒಂದಾಗಿತ್ತು.

ಸೋಂಕಿತ ಪ್ರಾಣಿಯಿಂದ ಮನುಷ್ಯರಿಗೆ ಬರುತ್ತದೆಯೇ?

ಬರುವ ಸಾಧ್ಯತೆ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಮೃಗಾಲಯವೊಂದರಲ್ಲಿ 2021ರ ಡಿಸೆಂಬರ್‌ನಲ್ಲಿ ಮುದಿ ಆಫ್ರಿಕನ್ ಸಿಂಹವೊಂದು ಸರಿಯಾಗಿ ನಡೆಯಲಾರದೆ ಮಲಗಿತ್ತು. ಸಿಬ್ಬಂದಿ ಅದರ ಬಳಿಯೇ ಕುಳಿತು ಕೈಯಾರೆ ತಿನ್ನಿಸುತ್ತಿದ್ದರು. ಸಿಂಹಕ್ಕೆ ಸೋಂಕು ಖಚಿತವಾದ ಮೇಲೆ ಅದನ್ನು ನೋಡಿಕೊಂಡವರಲ್ಲಿ ಕೆಲವರಿಗೂ ಕೋವಿಡ್ ಬಂದಿತು. ವೈರಸ್‌ಗಳನ್ನು ಹೋಲಿಸಿ ನೋಡಿದ ಆರೋಗ್ಯ ಅಧಿಕಾರಿಗಳು, ಸಿಂಹದಿಂದಲೇ ಅವರಿಗೆ ಹರಡಿರುವ ಸಂಭವವಿದೆ ಎಂಬ ತೀರ್ಮಾನಕ್ಕೆ ಬಂದರು. ಕಾಯಿಲೆಬಿದ್ದ ಪ್ರಾಣಿಯ ಆರೈಕೆ ಮಾಡುವವರಿಗೂ ಪೂರ್ಣ ರಕ್ಷಣಾ ಉಡುಪು ಏಕೆ ಬೇಕು ಎಂಬುದಕ್ಕೆ ಇದೇ ಉತ್ತರ.

ತುಪ್ಪಳಕ್ಕಾಗಿ ಸಾಕುವ ಮಿಂಕ್‌ಗಳ ವಿಷಯ ಇನ್ನೂ ಗಂಭೀರ. ನೆದರ್‌ಲೆಂಡ್ಸ್ ಮತ್ತು ಡೆನ್ಮಾರ್ಕ್‌ಗಳಲ್ಲಿ ಅವುಗಳಿಂದ ಮನುಷ್ಯರಿಗೆ ಸೋಂಕು ಮರಳಿ ಬಂದದ್ದು ದೃಢಪಟ್ಟಿತು. 2020ರ ನವೆಂಬರ್‌ನಲ್ಲಿ ಡೆನ್ಮಾರ್ಕ್ ಸರ್ಕಾರ ದೇಶದಲ್ಲಿದ್ದ ಸುಮಾರು 1.7 ಕೋಟಿ ಮಿಂಕ್‌ಗಳನ್ನು ಕೊಲ್ಲುವ ನಿರ್ಧಾರ ಪ್ರಕಟಿಸಿತು. ಆದರೆ ಮೃಗಾಲಯದಲ್ಲಿ ಕಂದಕದ ಆಚೆಯಿಂದ ಹುಲಿಯನ್ನು ನೋಡಿ ಬರುವ ಕುಟುಂಬದ ಪರಿಸ್ಥಿತಿ ಅದಲ್ಲ. ಹುಲಿ ಅವರಿಗೆ ಒಡ್ಡುವ ಅಪಾಯಕ್ಕಿಂತ ಟಿಕೆಟ್ ಸಾಲಿನಲ್ಲಿ ಮುಂದೆ ನಿಂತವರು ಒಡ್ಡುವ ಅಪಾಯ ಎಷ್ಟೋ ಪಾಲು ಹೆಚ್ಚು.

ಕರ್ನಾಟಕದ ಮೃಗಾಲಯಗಳಿಗೆ ಇದು ಏಕೆ ಮುಖ್ಯ?

ನ್ಯೂಯಾರ್ಕಿನ ಸುದ್ದಿ ಬಂದ ಮರುದಿನವೇ ಕೇಂದ್ರ ಮೃಗಾಲಯ ಪ್ರಾಧಿಕಾರವು ದೇಶದ ಎಲ್ಲ ಮೃಗಾಲಯಗಳಿಗೆ ಕಟ್ಟೆಚ್ಚರದ ಸೂಚನೆ ಹೊರಡಿಸಿತು. ಸಿಸಿಟಿವಿಯ ಮೂಲಕ ಹಗಲಿರುಳೂ ಪ್ರಾಣಿಗಳನ್ನು ಗಮನಿಸಬೇಕು, ರಕ್ಷಣಾ ಸಾಧನವಿಲ್ಲದೆ ಪಾಲಕರು ಹತ್ತಿರ ಹೋಗಬಾರದು, ಕಾಯಿಲೆಯ ಪ್ರಾಣಿಯನ್ನು ಬೇರೆಯಿಡಬೇಕು, ಮಾದರಿಗಳನ್ನು ಗೊತ್ತುಪಡಿಸಿದ ಪ್ರಯೋಗಾಲಯಗಳಿಗೆ ಕಳುಹಿಸಬೇಕು ಎಂಬವು ಅದರ ಮುಖ್ಯಾಂಶಗಳು. ಬನ್ನೇರುಘಟ್ಟದಂತೆ ಹುಲಿ, ಸಿಂಹಗಳ ಸಫಾರಿ ನಡೆಸುವ ಉದ್ಯಾನಗಳಿಗೂ ಇದು ಅನ್ವಯಿಸಿತು.

ಮೈಸೂರಿನ ಜವಾಬ್ದಾರಿ ಇನ್ನೂ ದೊಡ್ಡದು. 1892ರಲ್ಲಿ ಆರಂಭವಾದ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೆ 2021ರ ಆಗಸ್ಟ್‌ನಲ್ಲಿ, ಎಂದರೆ ಎರಡನೇ ಅಲೆ ಆಗಷ್ಟೇ ಇಳಿದಿದ್ದಾಗ, ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಗೊರಿಲ್ಲಾ ಸಹೋದರರು ಬಂದರು. ಸಿಂಗಾಪುರ ಮತ್ತು ಮಲೇಷ್ಯಾಗಳಿಂದ ಒರಾಂಗುಟಾನ್‌ಗಳೂ ಬಂದವು. ಗೊರಿಲ್ಲಾ, ಒರಾಂಗುಟಾನ್, ಚಿಂಪಾಂಜಿ ಮೂರನ್ನೂ ಹೊಂದಿದ ದೇಶದ ಏಕೈಕ ಮೃಗಾಲಯವೆಂಬ ಹೆಸರು ಹಾಗೆ ಮೈಸೂರಿಗೆ ಬಂದಿತು. ಈ ಮೂರೂ ಮನುಷ್ಯನ ನೆಗಡಿಗೂ ಕ್ಷಯಕ್ಕೂ ಸುಲಭವಾಗಿ ತುತ್ತಾಗುವ ಪ್ರಾಣಿಗಳು. ಅವುಗಳ ಆವರಣದ ಮುಂದೆ ಜನರನ್ನು ದೂರ ನಿಲ್ಲಿಸುವ ಸಿಬ್ಬಂದಿಯ ಮೇಲೆ ಸಿಡುಕುವವರು ಈ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಡಬೇಕು.

ನಾಯಿಗಳಿಗೆ ಹಾಕಿಸುವ ಲಸಿಕೆಯ ಪಟ್ಟಿಯಲ್ಲೂ ‘ಕೊರೊನಾ’ ಎಂದಿರುತ್ತದೆಯಲ್ಲ?

ಅದು ಬೇರೆಯೇ ವೈರಸ್. ಕೊರೊನಾ ಎಂಬುದು ದೊಡ್ಡದೊಂದು ವೈರಸ್ ಕುಟುಂಬದ ಹೆಸರು. ಬೆಕ್ಕುಗಳಿಗೂ ನಾಯಿಗಳಿಗೂ ತಮ್ಮತಮ್ಮವೇ ಕೊರೊನಾ ವೈರಸ್‌ಗಳು ಬಹಳ ಹಿಂದಿನಿಂದ ಇವೆ, ಅವು ಮನುಷ್ಯರಿಗೆ ಕೋವಿಡ್ ತರುವುದಿಲ್ಲ. ಆದರೆ ಅವೂ ಮೃಗಾಲಯಗಳನ್ನು ಕಾಡಿವೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಸಫಾರಿ ಉದ್ಯಾನವೊಂದರಲ್ಲಿ ಬೆಕ್ಕಿನ ಕೊರೊನಾ ವೈರಸ್ ಹೊಕ್ಕು ಅಲ್ಲಿದ್ದ ಚೀತಾಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಲಿ ತೆಗೆದುಕೊಂಡಿತು. ಚೀತಾಗಳಲ್ಲಿ ವಂಶವಾಹಿ ವೈವಿಧ್ಯ ತೀರ ಕಡಿಮೆ ಇರುವುದರಿಂದ, ಒಂದನ್ನು ಕೊಲ್ಲುವ ವೈರಸ್‌ಗೆ ಉಳಿದವೂ ಅಷ್ಟೇ ಸುಲಭದ ತುತ್ತಾಗುತ್ತವೆ.

ಕಾಡಿನ ಪ್ರಾಣಿಗಳಿಗೂ ಹರಡುವ ಭಯವಿದೆಯೇ?

ಅಮೆರಿಕದಲ್ಲಿ ಹರಡಿಯೇ ಬಿಟ್ಟಿದೆ. ಅಲ್ಲಿನ ನಾಲ್ಕು ರಾಜ್ಯಗಳಲ್ಲಿ 2021ರ ಆರಂಭದಲ್ಲಿ ಪರೀಕ್ಷಿಸಿದ ಬಿಳಿಬಾಲದ ಜಿಂಕೆಗಳಲ್ಲಿ ಶೇಕಡಾ 40ರಷ್ಟು ಜಿಂಕೆಗಳ ರಕ್ತದಲ್ಲಿ ಈ ವೈರಸ್ ವಿರುದ್ಧದ ಪ್ರತಿಕಾಯಗಳಿದ್ದವು. ಭಾರತದಲ್ಲಿಯೂ ಉತ್ತರ ಪ್ರದೇಶದ ಬಿಜ್ನೋರ್‌ನಲ್ಲಿ ಸತ್ತ ಕಾಡುಚಿರತೆಯ ಮರಿಯೊಂದರ ದೇಹದಲ್ಲಿ ಡೆಲ್ಟಾ ತಳಿ ಸಿಕ್ಕಿತ್ತು.

ನಮ್ಮ ಪಾಲಿಗೆ ಅತಿ ದೊಡ್ಡ ಆತಂಕ ಗಿರ್. ಏಷ್ಯಾ ಸಿಂಹಗಳು ಕಾಡಿನಲ್ಲಿ ಬದುಕಿರುವುದು ಗುಜರಾತಿನ ಆ ಒಂದೇ ಪ್ರದೇಶದಲ್ಲಿ. 2020ರ ಅಂದಾಜಿನಂತೆ ಅವುಗಳ ಸಂಖ್ಯೆ 674 ಆಗಿತ್ತು. ಅಲ್ಲಿ 2018ರ ಸೆಪ್ಟೆಂಬರಿನಲ್ಲಿ ಕೆಲವೇ ವಾರಗಳೊಳಗೆ 23 ಸಿಂಹಗಳು ಸತ್ತಾಗ, ಅವುಗಳಲ್ಲಿ ಕೆಲವಕ್ಕೆ ನಾಯಿಗಳಿಂದ ಹರಡುವ ಡಿಸ್ಟೆಂಪರ್ ವೈರಸ್ ತಗುಲಿದ್ದುದು ತಿಳಿಯಿತು. ಒಂದೇ ಕಡೆ ಕೂಡಿಹಾಕಿದಂತಿರುವ ಜೀವಸಂಕುಲಕ್ಕೆ ಹೊಸ ವೈರಸ್ ಎಂದರೆ ಏನರ್ಥ ಎಂಬುದನ್ನು ವಂಡಲೂರಿನ ಘಟನೆಗೂ ಮೂರು ವರ್ಷ ಮೊದಲೇ ನಾವು ಕಂಡಿದ್ದೆವು.

ಈಗ ಮೃಗಾಲಯಕ್ಕೆ ಹೋಗುವವರು ಏನು ಮಾಡಬೇಕು?

ಜಾಗತಿಕ ತುರ್ತುಸ್ಥಿತಿ 2023ರ ಮೇ 5ಕ್ಕೆ ಮುಗಿದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ, ಹೋಗುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಜ್ವರ, ಕೆಮ್ಮು, ನೆಗಡಿ ಇದ್ದರೆ ಪ್ರವಾಸವನ್ನು ಒಂದು ವಾರ ಮುಂದಕ್ಕೆ ಹಾಕಿ, ಮಕ್ಕಳಿಗಿದ್ದರೂ ಅಷ್ಟೆ. ಬೇಲಿಯ ಮೇಲೆ ಬಾಗಬೇಡಿ, ಆವರಣದೊಳಗೆ ಉಗುಳಬೇಡಿ, ಕಡಿದು ಉಳಿದ ಹಣ್ಣು, ಕಡಲೆಕಾಯಿ, ಬಿಸ್ಕತ್ತು ಎಸೆಯಬೇಡಿ. ಕೋತಿ, ವಾನರಗಳ ಆವರಣದ ಬಳಿ ಈ ಎಚ್ಚರಿಕೆ ಎರಡು ಪಟ್ಟು ಬೇಕು, ಏಕೆಂದರೆ ಎಸೆದದ್ದನ್ನು ಅವು ತಕ್ಷಣ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತವೆ. ಯಾವುದಾದರೂ ಪ್ರಾಣಿ ಒಂದೇ ಸಮನೆ ಕೆಮ್ಮುತ್ತಿರುವುದೋ ಮೂಗು ಸೋರುತ್ತಿರುವುದೋ ಕಣ್ಣಿಗೆ ಬಿದ್ದರೆ, ಅದರ ವಿಡಿಯೊ ಹಂಚುವ ಮೊದಲು ಹತ್ತಿರದಲ್ಲಿರುವ ಪ್ರಾಣಿಪಾಲಕರಿಗೆ ತಿಳಿಸಿ.